ಸದ್ದು ಮಾಡದ ಬ್ರೇಕು

ಹಾನುಸನ ಕಾರು ಬರುತ್ತಿದೆ ಅಂತ ಊರಿಗೆಲ್ಲ ಮೊದಲೇ ತಿಳಿಯುತ್ತಿತ್ತು. ಬ್ರೇಕು ಒತ್ತಿದರೆ ಸಾಕು, ಕತ್ತು ಹಿಸುಕಿದ ಕೋಳಿಯ ಹಾಗೆ ಅರಚುತ್ತಿತ್ತು. ಕಳೆದ ಭಾನುವಾರ ಚರ್ಚಿನ ಬಾಗಿಲಲ್ಲಿ ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದನ್ನು ಅವನ ಹೆಂಡತಿ ಸುನ್ವಾ ಕಂಡಿದ್ದಳು. ಆ ಚರ್ಚಿನಲ್ಲಿ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಇದೆಯಲ್ಲ, ಅದನ್ನು ಮದುವೆಗೆ ಮುಂಚಿನಿಂದಲೂ ನುಡಿಸುವವಳು ಸುನ್ವಾಳೇ. ಅಪಶ್ರುತಿ ಅಂದರೆ ಅವಳಿಗೆ ಮೈಯೆಲ್ಲ ಉರಿ.

"ಇವತ್ತು ಹಡಗಿಗೆ ನನ್ನ ತಂಗಿ ಬರ್ತಾಳೆ," ಅಂದಳು ಬೆಳಿಗ್ಗೆ. "ಈ ಕಿರುಚಾಟದಲ್ಲಿ ಅವಳನ್ನ ಕರ್ಕೊಂಡು ಬರೋಕೆ ನನ್ನ ಕೈಲಾಗಲ್ಲ. ಗ್ಯಾರೇಜಿಗೆ ಕೊಡು ಮಾರಾಯ."

"ನಾಲ್ಕು ಬೋಲ್ಟು ಬಿಚ್ಚೋಕೆ ಗ್ಯಾರೇಜ್ ಬೇಕಾ? ಹೊಸ ಪ್ಯಾಡು ತಂದಿಟ್ಟಿದ್ದೀನಿ, ನಾನೇ ಹಾಕ್ತೀನಿ. ಅಲ್ಲ, ಸವೆಸಿದ್ದು ಯಾರು? ಒಂದೇ ಸಲ ಒತ್ತು, ಗಟ್ಟಿಯಾಗಿ ಹಿಡ್ಕೋ ಅಂತ ಬಡ್ಕೊಂಡೆ. ನೀನು ಹಾರ್ಮೋನಿಯಂ ತುಳಿದ ಹಾಗೆ ತುಳೀತಾನೇ ಇರ್ತೀಯ!"

"ಆಯ್ತಪ್ಪ, ಇನ್ಮೇಲೆ ಒಂದೇ ಸಲ ಒತ್ತಿ ಹಿಡ್ಕೋತೀನಿ. ಸಮಾಧಾನಾನಾ? ಯಾವಾಗ ಆಗುತ್ತೆ ಹೇಳು."

"ನಾಲ್ಕೂ ಚಕ್ರ ನೆಲದ ಮೇಲೆ ಕಂಡ್ರೆ ತಗೊಂಡು ಹೋಗು. ಅಲ್ಲೀವರೆಗೂ ತಲೆ ತಿನ್ಬೇಡ."

ಸಿಟ್ಟಿನಲ್ಲಿ ಆಡಿದ ಮಾತು. ಆಡಿ ಮರೆತೂಬಿಟ್ಟ.

ಬೆಳಗಿನಿಂದಲೇ ಮಂಜು ಬೆಟ್ಟದಿಂದ ಇಳಿದು ಊರ ಮೇಲೆ ಕೂತಿತ್ತು. ಕುರಿಗಳ ಕೂಗು ಕೇಳುತ್ತಿತ್ತೇ ಹೊರತು ಕುರಿ ಕಾಣುತ್ತಿರಲಿಲ್ಲ. ಹಾನುಸ್ ಅಂಗಳದಲ್ಲಿ ಕಾರಿನ ಮೂತಿ ಎತ್ತಿ, ಮುಂದಿನ ಚಕ್ರ ಬಿಚ್ಚಿ, ಹಳೆಯ ಪ್ಯಾಡು ಹೊರಗೆ ಎಳೆದ. ಉಗುರಿನಷ್ಟೂ ಉಳಿದಿರಲಿಲ್ಲ, ಬರೀ ಕಬ್ಬಿಣ. ಇಷ್ಟು ದಿನ ಇದರ ಮೇಲೆ ಈ ಇಳಿಜಾರಿನಲ್ಲಿ ಓಡಾಡಿದೆವಲ್ಲ ಅಂದುಕೊಂಡು ಅದನ್ನು ದೂರಕ್ಕೆ ಎಸೆದ.

ಹೊಸ ಪ್ಯಾಡು ದಪ್ಪ. ಅದು ಕೂರಬೇಕಾದರೆ ಅದನ್ನು ತಳ್ಳುವ ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕು. ಅದಕ್ಕೆಂದು ತಿರುಪು ಇರುವ ಒಂದು ಹಿಡಿಕೆಯನ್ನು ಪಕ್ಕದ ಮನೆಯ ದಾನ್ಯಲನಿಂದ ತಂದಿದ್ದ. ತಿರುಗಿಸಿ ತಿರುಗಿಸಿ ಒತ್ತಿದ, ಪ್ಯಾಡು ಸಲೀಸಾಗಿ ಕೂತಿತು. ಆಚೆ ಕಡೆಯ ಚಕ್ರಕ್ಕೂ ಹಾಗೇ ಮಾಡಿದ. ಆದರೆ ಹಾಗೆ ಒತ್ತಿದ ಮೇಲೆ ಬ್ರೇಕು ಸತ್ತಂತೆಯೇ ಲೆಕ್ಕ. ಕಾರಿನೊಳಗೆ ಕೂತು ಪೆಡಲನ್ನು ಮತ್ತೆ ಮತ್ತೆ ತುಳಿದರೆ ಮಾತ್ರ ಪ್ಯಾಡು ಮುಂದೆ ಬಂದು ಚಕ್ರದ ಜೊತೆ ತಿರುಗುವ ತಟ್ಟೆಗೆ ತಾಗಿ ಜೀವ ಹಿಡಿಯುತ್ತೆ. ಮೊದಲನೇ ತುಳಿತಕ್ಕೆ ಪೆಡಲು ಸೀದಾ ತಳ ಸೇರುತ್ತೆ, ಕಾರು ನಿಲ್ಲಲ್ಲ. ಇದೆಲ್ಲ ಹಾನುಸನಿಗೆ ಗೊತ್ತಿಲ್ಲದ್ದೇನಲ್ಲ.

ಚಕ್ರ ಹಾಕಿ ಕಾರು ಇಳಿಸಿದ. ಒಳಗೆ ಕೂರೋಣ ಅಂತ ಬಾಗಿಲು ತೆಗೆದವನು ಕೈ ನೋಡಿಕೊಂಡ: ಮೊಣಕೈವರೆಗೂ ಕರಿ ಜಿಡ್ಡು. ಸೀಟಿಗೆ ಸುನ್ವಾ ಚಳಿಗಾಲವಿಡೀ ಕೂತು ಹೆಣೆದ ಬಿಳಿ ಉಣ್ಣೆಯ ಹೊದಿಕೆ. ಇದಕ್ಕೆ ಕೈ ತಾಗಿಸಿದರೆ ಇವತ್ತು ನನ್ನ ಕಥೆ ಮುಗೀತು ಅಂದುಕೊಂಡ. ಹಿಡಿಕೆ ವಾಪಸು ಕೊಟ್ಟು ಅಲ್ಲೇ ಕೈ ತೊಳೆದು ಬರೋಣ ಅಂತ ದಾನ್ಯಲನ ಮನೆಗೆ ನಡೆದ.

ಕೀಲಿ ಕಾರಲ್ಲೇ ಇತ್ತು. ಎಲ್ಲಿರಬೇಕು ಮತ್ತೆ? ನಮ್ಮ ಫ್ಯಾರೋ ದ್ವೀಪಗಳಲ್ಲಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಓಡಾಡುವವನನ್ನು ಕಂಡರೆ ಜನ, ಇವನಿಗೆ ನಮ್ಮ ಮೇಲೇ ಅನುಮಾನವಾ ಅಂತ ಮಾತು ಬಿಡುತ್ತಾರೆ.

ದಾನ್ಯಲ್ ಒಣಗಿಸಿದ ಕುರಿತೊಡೆಯ ಮುಂದೆ ಚಾಕು ಹಿಡಿದು ಕೂತಿದ್ದ. "ಬಾರಯ್ಯ ಮೆಕ್ಯಾನಿಕ್ಕು! ಒಂದು ಚೂರು ತಿಂದು ಹೋಗು."

"ಇಲ್ಲ ಕಣೋ, ಇನ್ನೂ ಕೆಲಸ ಇದೆ."

"ನಿನ್ನ ಕಾರೇನು ಓಡಿಹೋಗುತ್ತಾ? ಕೂತ್ಕೋ."

ಹಾನುಸ್ ಕೂತ. ಎರಡನೇ ಚೂರು ಬಾಯಲ್ಲಿದ್ದಾಗ ಹೊರಗೆ ಎಂಜಿನ್ ಶುರುವಾಯಿತು. ಆ ಸದ್ದು ಅವನಿಗೆ ಸ್ವಂತ ಕೆಮ್ಮಿನಷ್ಟು ಪರಿಚಯ. ಬೆಳಿಗ್ಗೆ ತಾನೇ ಆಡಿದ ಮಾತು ನೆನಪಾಯಿತು: ನಾಲ್ಕೂ ಚಕ್ರ ನೆಲದ ಮೇಲೆ ಕಂಡರೆ ತಗೊಂಡು ಹೋಗು.

"ಸುನ್ವಾ!"

ಅವನು ಹೊರಗೆ ಬೀಳುವಷ್ಟರಲ್ಲಿ ಅಂಗಳ ಖಾಲಿ. ಹಿಂದಿನ ಕೆಂಪು ದೀಪಗಳನ್ನು ಮಂಜು ನುಂಗಿತ್ತು. ಚರ್ಚಿನವರೆಗೂ ರಸ್ತೆ ಸಮತಟ್ಟು, ಅಲ್ಲಿ ಬ್ರೇಕಿನ ಹಂಗಿಲ್ಲ. ಆಮೇಲೆ ಇಳಿಜಾರು, ಎರಡು ತಿರುವು, ನೆಟ್ಟಗೆ ಹಡಗುಕಟ್ಟೆ. ಕಟ್ಟೆಯ ಅಂಚಿಗೆ ಮೊಣಕಾಲೆತ್ತರದ ಒಂದು ಮರದ ದಿಮ್ಮಿ. ಅದರಾಚೆ ಸಮುದ್ರ.

ಹಾನುಸ್ ಹುಲ್ಲುಗಾವಲಿನಲ್ಲಿ ನೇರ ಕೆಳಕ್ಕೆ ಓಡಿದ. ಕಲ್ಲುಗೋಡೆ ಹತ್ತಿ ಆಚೆ ಬಿದ್ದ. ಎದ್ದ. ಮೊದಲೇ ನೋವಿದ್ದ ಮಂಡಿ ಚುರ್ ಅಂದಿತು. "ಕೈಬ್ರೇಕು ಎಳಿಯೇ! ಕೈಬ್ರೇಕು!" ಅಂತ ಕಿರುಚಿದ. ಯಾರಿಗೆ ಕೇಳಬೇಕು? ಕುರಿಗಳು ಬೆದರಿ ಓಡಿದವು.

ಎಂಜಿನ್ ಸದ್ದು ಚರ್ಚು ದಾಟಿ ಕೆಳಕ್ಕೆ ತಿರುಗಿತು. ಅವನು ಕಿವಿಯನ್ನೇ ಕಣ್ಣು ಮಾಡಿಕೊಂಡು ಓಡಿದ. ಹಳೆಯ ಪ್ಯಾಡಾಗಿದ್ದರೆ ಈಗ ಅರಚಬೇಕಿತ್ತು, ಅವಳು ಬ್ರೇಕು ಒತ್ತಿದಳು ಅಂತ ತಿಳಿಯುತ್ತಿತ್ತು. ಊರೆಲ್ಲ ನಕ್ಕ ಆ ಅರಚಾಟಕ್ಕಾಗಿ ಅವನು ಪ್ರಾಣ ಕೊಡಲು ಸಿದ್ಧನಿದ್ದ. ಒಂದೇ ಸಲ ಒತ್ತಿ ಹಿಡ್ಕೋತೀನಿ ಅಂದಿದ್ದಳು. ದೇವರೇ, ನನ್ನ ಮಾತು ಕೇಳದಿರಲಿ. ಇಷ್ಟು ವರ್ಷ ಕೇಳಿಲ್ಲ, ಇವತ್ತೊಂದು ದಿನ ಕೇಳದಿರಲಿ.

ಮೊದಲ ತಿರುವು. ಎಂಜಿನ್ ಗೊರಗೊರ ಅಂದಿತು. ಗೇರು ಇಳಿಸಿದಳು, ಸದ್ಯ. ಎರಡನೆಯ ತಿರುವು. ಆಮೇಲೆ ಟೈರುಗಳು ಕಟ್ಟೆಯ ಹಲಗೆಗಳ ಮೇಲೆ ದಡದಡ ಉರುಳಿದ ಸದ್ದು, ಒಂದು ಧಡ್, ಮತ್ತೆ ಏನೂ ಇಲ್ಲ.

ಹಾನುಸ್ ನಿಂತುಬಿಟ್ಟ. ನೀರಿನ ಸದ್ದಿಗೆ ಕಾದ. ನೀರಿನ ಸದ್ದು ಬರಲಿಲ್ಲ. ಕೊನೆಗೆ ತೆವಳಿದಂತೆ ಕಟ್ಟೆಗೆ ಇಳಿದ.

ಕಾರಿನ ಮೂತಿ ದಿಮ್ಮಿಗೆ ತಾಗಿ ನಿಂತಿತ್ತು. ದಿಮ್ಮಿ ಸೀಳಿತ್ತು. ಒಳಗೆ ಸುನ್ವಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದಳು, ಮುಖ ಹಾಲಿನಷ್ಟು ಬಿಳಿ. ಕಾಲು ಇನ್ನೂ ಪೆಡಲನ್ನು ತುಳಿಯುತ್ತಲೇ ಇತ್ತು, ಮೇಲೆ, ಕೆಳಗೆ, ಮೇಲೆ, ಕೆಳಗೆ.

"ಬೈಬೇಡ," ಅಂದಳು ಅವನ ಕಡೆ ನೋಡದೆ. "ನೀನು ಹೇಳಿದ ಹಾಗೇ ಒಂದೇ ಸಲ ಒತ್ತಿ ಹಿಡ್ಕೊಂಡೆ. ತಳಕ್ಕೇ ಹೋಯ್ತು, ನಿಲ್ಲಲಿಲ್ಲ. ಆಮೇಲೆ ಈ ಹಾಳು ಕಾಲು ಹಾರ್ಮೋನಿಯಂ ತುಳಿದುಬಿಡ್ತು."

ಹಾನುಸ್ ಒದ್ದೆ ಹಲಗೆಯ ಮೇಲೆ ಕುಸಿದು ಕೂತು ಗಳಗಳನೆ ಅತ್ತ. "ತುಳಿ ಕಣೇ. ಸಾಯೋವರೆಗೂ ತುಳಿ. ಮೊದಲು ತುಳಿದಿಡಬೇಕಾದವನು ನಾನು. ಮಾಡದೆ ಎದ್ದು ಹೋದೆ. ಅಲ್ಲಿ ಮಾಂಸ ತಿಂತಾ ಕೂತಿದ್ದೆ."

ಮಂಜಿನೊಳಗಿಂದ ಹಡಗು ಕೂಗಿತು. ಸುನ್ವಾ ಕೈಬ್ರೇಕು ಎಳೆದು, ಎಂಜಿನ್ ನಿಲ್ಲಿಸಿ, ಕೀಲಿ ಕಿತ್ತು ತನ್ನ ಕೋಟಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

"ನೀನು ಮನೆಗೆ ಹೋಗು," ಅಂದಳು. "ನಾನೂ ತಂಗಿಯೂ ನಡ್ಕೊಂಡು ಬರ್ತೀವಿ."