ಆಯಾಳ ಹಸಿರು ಶಾಲು

ಟ್ರಂಕು ಬೋರಲು ಹಾಕಿ ಕೊಡವಿದರೂ ಶಾಲು ಸಿಗಲಿಲ್ಲ.

“ಅದನ್ನೇ ಹೊದಿಸಿ ಕಳಿಸ್ಬೇಕು ಅಂದಿದ್ಲು ಅಮ್ಮ. ಯಾರು ತಗೊಂಡ್ರಿ?” ತೀರಿಹೋದ ಆಸ್ಪತ್ರೆ ಆಯಾಳ ಮಗ ಎಲ್ಲರನ್ನೂ ದುರುಗುಟ್ಟಿ ನೋಡಿದ. ತಿಂಗಳುಗಟ್ಟಲೆ ಹೊರಗಿದ್ದು ಬೆಳಿಗ್ಗೆ ಲಾರಿಯಲ್ಲೇ ಬಂದಿಳಿದಿದ್ದ. ಕೋಪ ಮೂಗಿನ ತುದಿಯಲ್ಲೇ.

“ಅವಳಿಗಿನ್ನೇನೋ ಚಳಿ? ಬೇರೆ ಹೊದಿಸು,” ಎಂದಳು ಚಿಕ್ಕಮ್ಮ. “ನಿನ್ನ ಮಗಳೆಲ್ಲಿ?”

“ಹಿಂದಿನ ಕೋಣೇಲಿ. ಹೊಟ್ಟೆನೋವಂತೆ.”

ಹೆಣದ ಬಳಿ ಕೂತಿದ್ದ ನರ್ಸ್ ತಲೆ ಎತ್ತಲಿಲ್ಲ. ಮೊನ್ನೆ ಆ ಹುಡುಗಿಗೆ ಗುಟ್ಟಾಗಿ ಹೆರಿಗೆ ಮಾಡಿಸಿದ್ದು ಅಜ್ಜಿಯೇ. ಕೂಸನ್ನು ಇಟ್ಟುಕೊಳ್ಳುವುದೋ ಬಿಡುವುದೋ ಹೆತ್ತವಳೇ ಹೇಳಲಿ ಎಂದಿದ್ದಳು. ನಿನ್ನೆ ಆಯಾಳ ಉಸಿರೇ ನಿಂತಿತು. ಈಗ ಕೂಸು ಒಮ್ಮೆ ಅತ್ತರೆ ಸಾಕು, ಈ ಮನೆಯಿಂದ ಒಂದೇ ಹೆಣ ಹೊರಡುವುದಿಲ್ಲ.

ಅಷ್ಟರಲ್ಲಿ ಅಂಗಳದಾಚೆ ಆಸ್ಪತ್ರೆಯ ಗಂಟೆ ಹೊಡೆಯಿತು. ನರ್ಸ್ ಎದ್ದು ಓಡಿದಳು.

*

ಹೆತ್ತವರ ಹೆಸರು ಕೇಳದೆ, ಮುಖ ನೋಡದೆ ಕೂಸನ್ನು ತೆಗೆದುಕೊಳ್ಳಬೇಕೆಂಬ ಕಾನೂನು ಬಂದಾಗ ಆಸ್ಪತ್ರೆಯ ಹಿಂಗೋಡೆಯಲ್ಲಿ ಕಿಂಡಿ ಕೊರೆದು ತೊಟ್ಟಿಲಿಟ್ಟರು. ಕಾವಲು ಆಯಾಳದು. ಕೂಸು ಬಿಡುವವರು ಗಂಟೆ ಬಾರಿಸಿದರೆ ಅವಳು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಹೊರಗಿನ ಹೆಜ್ಜೆ ಸದ್ದು ಅಡಗಿದ ಮೇಲೆಯೇ ತಿರುಗಿ, ಕೂಸನ್ನು ತನ್ನ ಶಾಲಿನಲ್ಲಿ ಸುತ್ತಿ ಎತ್ತಿಕೊಳ್ಳುವುದು.

ಕೆಲಸದ ಹೊಸತರಲ್ಲಿ ನರ್ಸ್ ಒಮ್ಮೆ ಕಿಂಡಿಗೆ ಕಣ್ಣಿಟ್ಟಿದ್ದಳು. ಆಯಾ ಜಡೆ ಹಿಡಿದು ಎಳೆದಳು.

“ಯಾರು ಅಂತ ತಿಳ್ಕೊಂಡು ಬೀಗತನ ಬೆಳೆಸ್ತೀಯೇನೇ? ನೀನು ನೋಡಿದ್ದು ಊರಿಗೆ ಗೊತ್ತಾದ್ರೆ, ನಾಳೆ ಬರೋಳು ತೊಟ್ಟಿಲು ಬಿಟ್ಟು ಬಾವಿ ಹುಡುಕ್ತಾಳೆ.”

*

ತೊಟ್ಟಿಲಲ್ಲಿ ಹಸಿರು ಶಾಲು ಮಿಸುಕಾಡುತ್ತಿತ್ತು. ಆಯಾಳದೇ ಶಾಲು. ಅಜ್ಜಿ ಕೂಸುಗಳನ್ನು ಅದರಲ್ಲೇ ಸುತ್ತುವುದನ್ನು ಕಂಡು ಬೆಳೆದ ಹುಡುಗಿ. ಬೇರೆ ಬಟ್ಟೆ ಅವಳಿಗೆ ಹೊಳೆದೇ ಇಲ್ಲ.

“ನರ್ಸಮ್ಮಾ, ಅಮ್ಮನ ಶಾಲು ಇಲ್ಲೇನಾದ್ರೂ ಇದೆಯಾ?” ಹೊರಗೆ ಬೂಟಿನ ಸದ್ದು ಹತ್ತಿರವಾಯಿತು.

ನರ್ಸ್ ಸರಕ್ಕನೆ ಶಾಲು ಬಿಚ್ಚಿ, ಕೂಸನ್ನು ಆಸ್ಪತ್ರೆಯ ಬಿಳಿ ಬಟ್ಟೆಗೆ ಹಾಕಿದಳು. ಬಾಗಿಲು ತೆರೆಯಿತು.

“ಇಲ್ಲೇ ಬಿಟ್ಟಿದ್ರು ನೋಡಿ.”

ಅವನು ಶಾಲು ಹೆಗಲಿಗೆ ಹಾಕಿಕೊಂಡು ತೊಟ್ಟಿಲಿನತ್ತ ಬಗ್ಗಿದ. “ಯಾವ ಮಾನಗೆಟ್ಟೋಳ್ದು ಇದು?”

“ಕೇಳೋ ಹಾಗಿಲ್ಲ ಅಣ್ಣ.”

ಕೂಸನ್ನು ವಾರ್ಡಿಗೆ ಒಪ್ಪಿಸಿ ನರ್ಸ್ ಬಂದಾಗ ಎಲ್ಲರೂ ಹೆಣದ ಸುತ್ತ ನಿಂತಿದ್ದರು. ಮೊಮ್ಮಗಳೂ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದಿದ್ದಳು. ಶಾಲನ್ನು ಮಡಿಕೆ ಬಿಚ್ಚಿ ತಾಯಿಯ ಎದೆಯವರೆಗೆ ಎಳೆದ ಮಗ, ಕೈ ತೆಗೆಯದೆ ಹಾಗೇ ನಿಂತ.

“ಇದ್ಯಾಕೆ ಇನ್ನೂ ಬೆಚ್ಚಗಿದೆ?”

ಅವನು ಒಬ್ಬೊಬ್ಬರದೇ ಮುಖ ನೋಡುತ್ತ ಬಂದ. ಅವನ ಕಣ್ಣು ಬಾಗಿಲು ಮುಟ್ಟುವ ಮೊದಲೇ ನರ್ಸ್ ಗೋಡೆಗೆ ಮುಖ ಮಾಡಿ ನಿಂತಳು.