ಗೇಟಿನ ಪದ್ಯ

ಕಬ್ಬೂರಿನ ದುಂಡೇಶನ ಮಗಳು ಕೋಮಲಳನ್ನು ರಾಯಬಾಗದ ಲಗಮಣ್ಣನ ಮಗನಿಗೆ ತಂದುಕೊಳ್ಳುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಅಪ್ಪಂದಿರಿಬ್ಬರೂ ಓದುವ ಕಾಲಕ್ಕೆ ಚಿಕ್ಕೋಡಿಯ ಹಾಸ್ಟೆಲಿನಲ್ಲಿ ನನ್ನ ಕೋಣೆಯವರು. ಹಾಗಾಗಿ ನಡುವೆ ಕೂತು ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದುಂಡೇಶನ ಮನೆಯಲ್ಲಿ ಎಲ್ಲ ಮಾತು ಮುಗಿದು ಚಹಾ ಬರುವ ಹೊತ್ತಿಗೆ ಅವನ ತಾಯಿ ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು.

“ಲಗಮಣ್ಣಾರ, ಸಿಟ್ಟಾಗಬ್ಯಾಡ್ರಿ. ನೀವು ಕುಡದ ಬಂದು ಹಾಸ್ಟೆಲಿಂದ ಹೊರಗ ಬಿದ್ದಿದ್ರಂತ, ಖರೇ ಏನ್ರಿ? ನನ್ನ ತವರಮನಿ ಕುಡತಕ್ಕ ಹಾಳಾಗಿದ್ದು ಕಣ್ಣಾರೆ ಕಂಡೀನಿ. ಅಂಥಾ ಮನಿಗೆ ಮೊಮ್ಮಗಳನ್ನ ಕೊಡಂಗಿಲ್ಲ ನಾ.”

ಬಾಗಿಲಲ್ಲಿ ಕೋಮಲ ಚಹಾದ ಟ್ರೇ ಹಿಡಿದು ಹಾಗೇ ನಿಂತಳು.

“ಹೊರಗ ಬಿದ್ದಿದ್ದು ಖರೇರಿ ಅವ್ವಾರ,” ಎಂದಷ್ಟೇ ಹೇಳಿದ ಲಗಮಣ್ಣ. ದುಂಡೇಶ ಫ್ಯಾನು ನೋಡತೊಡಗಿದ.

ನನಗೆ ಸುಮ್ಮನಿರಲಾಗಲಿಲ್ಲ. ಹಾಸ್ಟೆಲಿನಲ್ಲಿ ಲಗಮಣ್ಣನನ್ನು ‘ಸ್ವಾಮ್ಯಾರು’ ಎನ್ನುತ್ತಿದ್ದೆವು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ. ಚೇಷ್ಟೆಯ ಮಾತಿಗೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಸಣ್ಣಗೆ ನಗುವವ. ಸೋಡಾ ಕುಡಿಯಲೂ ಹಿಂದೆಮುಂದೆ ನೋಡುವವ. ಆದರೆ ನಮ್ಮ ವಾರ್ಡನ್ನರಿಗೆ ಅಂಗಿ, ಮುಖ ಲೆಕ್ಕಕ್ಕಿರಲಿಲ್ಲ. ಅವರು ಕನ್ನಡ ಕಲಿಸುವವರು. ಬಾಯಿಯ ವಾಸನೆ ನೋಡುವುದು ತಮ್ಮ ಘನತೆಗೆ ಸಲ್ಲದೆಂದು, ತಡವಾಗಿ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಒಂದು ಷಟ್ಪದಿ ಹೇಳಿಸುತ್ತಿದ್ದರು. ಸಲೀಸಾಗಿ ಹೇಳಿದವ ಒಳಗೆ, ತಡವರಿಸಿದವ ಕುಡಿದವನೆಂದು ಹಾಸ್ಟೆಲಿನಿಂದಲೇ ಹೊರಗೆ. ಪುರಾಣ ಕೇಳುತ್ತ ಬೆಳೆದ ನನಗೆ ಆ ಪರೀಕ್ಷೆ ಹಬ್ಬವಾಗಿತ್ತು. ಲಗಮಣ್ಣನಿಗೆ ಮಾತ್ರ, ಜನರೆದುರು ಪದ್ಯವೆಂದರೆ ಸಾಲುಗಳೆಲ್ಲ ಹಿಂದುಮುಂದಾಗುತ್ತಿದ್ದವು.

ಆ ಸಲ ಅವನೂ ದುಂಡೇಶನೂ ನಿಪ್ಪಾಣಿಗೆ ಮರಾಠಿ ತಮಾಶಾ ಆಟ ನೋಡಲು ಹೋಗಿದ್ದರು. ನಾನು ತೆಲಸಂಗಕ್ಕೆ, ಊರಿಗೆ ಹೋಗಿದ್ದೆ. ಮರಳಿ ಬಂದಾಗ ಕೋಣೆಯಲ್ಲಿ ಲಗಮಣ್ಣನ ಟ್ರಂಕು ಇರಲಿಲ್ಲ. ಮುಂದೆ ಓದು ಮುಗಿಯುವವರೆಗೂ ಅವನು ರಾಯಬಾಗದಿಂದ ಬಸ್ಸಿಗೆ ಬಂದು ಹೋಗುತ್ತಿದ್ದ. ಕೇಳಿದರೆ, “ಪದ್ಯ ತಪ್ಪತೋ ಮಹಾದೇವಾ,” ಎನ್ನುತ್ತಿದ್ದ.

ಇಷ್ಟನ್ನೂ ಕಸ್ತೂರೆವ್ವನಿಗೆ ಹೇಳಿದೆ. ಅವಳು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು ಲಗಮಣ್ಣನನ್ನು ನೋಡಿದಳು.

“ಹಂಗಾರ ಈಗ ಹೇಳ್ರಿ ಆ ಪದ್ಯ.”

“ಈಗೇನ್ರಿ?”

“ಈಗಂತೂ ಕುಡದಿಲ್ಲಲ್ಲ? ಮತ್ತೇನ ಅಡ್ಡಿ?”

ಲಗಮಣ್ಣ ಎದ್ದು ಕೈಕಟ್ಟಿ ನಿಂತ. ಮೊದಲ ಸಾಲು ಬಂತು. ಎರಡನೆಯದು ಬರಬೇಕಾದಲ್ಲಿ ಕೊನೆಯದು ಬಂತು. ಬೆವರು ಒರೆಸಿಕೊಂಡು ಮೊದಲಿನಿಂದ ಹಿಡಿದ. ಮತ್ತೆ ಅಲ್ಲೇ ಎಡವಿದ. ಕೋಮಲ ತುಟಿ ಕಚ್ಚಿ ನಗು ತಡೆದಳು.

“ಸಾಕ್ರಿ, ಕುಂಡ್ರಿ,” ಎಂದಳು ಕಸ್ತೂರೆವ್ವ. ಧ್ವನಿ ಮೆತ್ತಗಾಗಿತ್ತು. “ಹಾಡೇ ಹಗಲ, ಚಹಾನೂ ಕುಡದಿಲ್ಲ, ಆದ್ರೂ ಹಿಂಗ. ಅವತ್ತೂ ಹಿಂಗ ಆಗಿರಬೇಕ.” ಮಗನತ್ತ ತಿರುಗಿದಳು. “ಲೇ ದುಂಡ್ಯಾ, ಜೋಡೀಲೆ ನೀನೂ ಇದ್ದೆಲ್ಲ. ನೀ ಹ್ಯಾಂಗ ಒಳಗ ಹೋದಿ?”

“ಪದ್ಯ ಹೇಳಿದ್ನಿ.”

“ತಪ್ಪಲಾರದಂಗ?”

“ಸಣ್ಣಾಂವಿದ್ದಾಗಿಂದ ನಿನ್ನ ಬಾಯಾಗ ಕೇಳಿದ ಪದ್ಯ ಬೇ ಅದು. ಹ್ಯಾಂಗ ತಪ್ಪತೈತಿ?” ದುಂಡೇಶ ಮಗಳ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ಅವನ ದನಿ ಇಳಿಯಿತು. “ಅವ್ವಾ, ಅವತ್ತ ಕುಡದಿದ್ದಾಂವ ನಾ. ಇಂವ ನನ್ನ ಹಿಡಕೊಂಡು ಬಂದಿದ್ದ.”

ಕಸ್ತೂರೆವ್ವ ಮಗನಿಗೆ ಬೆನ್ನು ಮಾಡಿ ಕೂತಳು.

“ಮತ್ತ ನೀವ್ಯಾಕ ಬಾಯಿ ಬಿಡಲಿಲ್ರಿ?” ಕಸ್ತೂರೆವ್ವ ಲಗಮಣ್ಣನನ್ನು ಕೇಳಿದಳು.

“ನಿಮಗ ಗೊತ್ತಾದ್ರ ಕಾಲೇಜ ಬಿಡಸ್ತೀರಿ ಅಂತ ದುಂಡ್ಯಾ ಅಳಾಕತ್ತಿದ್ದನ್ರಿ. ಪದ್ಯಾನೂ ತಪ್ಪಿತ್ತಲ್ರಿ ನಂದು.”

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ದುಂಡ್ಯಾ, ಏಳು. ಕಾಲಿಗೆ ನೀರ ಕೊಡು ಇವರಿಗೆ.”

“ಬಂದಾಗ ಕೊಟ್ಟೀನಲ್ಲ ಬೇ.”

“ಅದು ನಿನ್ನ ದೋಸ್ತಗ ಕೊಟ್ಟಿದ್ದು. ಈಗ ಬೀಗರಿಗೆ ಕೊಡು.” ನನ್ನ ಕಡೆ ನೋಡಿದಳು. “ನಿಶ್ಚಯದ ಸಾಕರಪುಡಿಗೆ ಒಂದ ಛಲೋ ದಿನಾ ನೋಡ್ರಿ ಮಹಾದೇವಾರ. ಆದ್ರ ಆ ದಿನಾ ಇವರಿಗೆ ಪದ್ಯ ಹೇಳಾಕ ಹಚ್ಚಬ್ಯಾಡ್ರಿ.”

ಕೋಮಲಳ ನಗು ಒಡೆಯಿತು. ಟ್ರೇಯ ಕಪ್ಪುಗಳೆಲ್ಲ ಗಲಗಲಿಸಿದವು. ನಾವೂ ನಕ್ಕೆವು. ದುಂಡೇಶ ತಂಬಿಗೆ ತುಂಬಿಕೊಂಡು ಬರುವ ಹೊತ್ತಿಗೆ ನಮ್ಮ ನಗು ಮುಗಿದಿತ್ತು. ಆಗ ಲಗಮಣ್ಣ ಸಣ್ಣಗೆ ನಕ್ಕ.