ಅಳುಮುಂಜಿ ಮೋಡಕ್ಕೇರಿದ್ದು

ನಮ್ಮ ಸ್ಟುಡಿಯೋದಲ್ಲಿ ಹಳೇ ಫೋಟೋ ಬೇಕಂದ್ರೆ ನನ್ನನ್ನೇ ಕೇಳಬೇಕಿತ್ತು. ಹಿಂದಿನ ಕೋಣೆಯ ಕಂಪ್ಯೂಟರ್‌ನಲ್ಲಿ ಪ್ರತಿ ಮದುವೆಗೂ ನಾನೇ ಹೆಸರಿಟ್ಟಿದ್ದೆ: ‘ಬೊಕ್ಕತಲೆ ಮಾವ’, ‘ಜಗಳಗಂಟಿ ಬೀಗಿತ್ತಿ’, ‘ಅಳುಮುಂಜಿ ಮದುಮಗಳು’. ತಾರೀಖು ಯಾರಿಗೆ ನೆನಪಿರುತ್ತೆ? ಆ ಹೆಸರುಗಳನ್ನ ನನ್ನ ಬಿಟ್ಟು ಯಾರೂ ನೋಡಿರಲಿಲ್ಲ. ಗಂಡ, ಮೈದುನ, ಅತ್ತೆ, ಎಲ್ಲರೂ "ಸ್ವಲ್ಪ ಹುಡುಕಿಕೊಡಮ್ಮಾ" ಅಂತ ನನ್ನ ಬಾಗಿಲಿಗೇ ಬರಬೇಕು. ಆ ಸುಖ ನನಗೇ ಗೊತ್ತು.

ಅಷ್ಟರಲ್ಲಿ ಬಂದಳು ನೋಡಿ ಓರಗಿತ್ತಿ, ಮೈದುನನ ಹೆಂಡತಿ. ಬಂದವಳೇ ಶುರುಮಾಡಿದಳು: "ಅಕ್ಕಾ, ಇದನ್ನೆಲ್ಲ ಕ್ಲೌಡ್‌ಗೆ ಹಾಕೋಣ."

"ಮೋಡಕ್ಕಾ? ಮಳೆ ಬಂದ್ರೆ ಫೋಟೋ ಉದುರಲ್ವೇನೇ?" ಅಂದರು ಅತ್ತೆ.

ಅವಳು ನಕ್ಕಳು. "ಹೆಸರಷ್ಟೇ ಮೋಡ ಅತ್ತೆ. ಎಲ್ಲೋ ದೊಡ್ಡ ಕಟ್ಟಡದಲ್ಲಿ ಬೇರೆಯವರ ಕಂಪ್ಯೂಟರ್‌ಗಳಿರ್ತಾವೆ, ನಾವು ಬಾಡಿಗೆಗೆ ಜಾಗ ತಗೊಳ್ಳೋದು. ಒಂದು ಕೆಟ್ಟರೂ ಇನ್ನೊಂದರಲ್ಲಿ ಪ್ರತಿ ಇರುತ್ತೆ. ಜಾಗ ಸಾಲದಿದ್ರೆ ಹೆಚ್ಚಿಸ್ಕೋಬಹುದು. ಲಿಂಕ್ ಕಳಿಸಿದ್ರೆ ಗಿರಾಕಿ ಮನೇಲೇ ಕೂತು ನೋಡ್ತಾರೆ."

ಅತ್ತೆ ಬಾಯಿಬಿಟ್ಟುಕೊಂಡು ಕೇಳಿದರು. ನಾನು ಹೇಳಿದ್ದನ್ನ ಒಂದು ಸಲವಾದರೂ ಹಾಗೆ ಕೇಳಿದ್ದುಂಟಾ? ನನ್ನ ಹೊಟ್ಟೆ ಧಗಧಗ ಉರೀತು.

ಎಲ್ಲ ಮೇಲೇರಿತು. ಆಮೇಲೆ ನನ್ನ ಕೋಣೆ ಕಡೆ ನರಪಿಳ್ಳೆಯೂ ಸುಳಿಯಲಿಲ್ಲ. ಅವಳು ಫೋನಿಗೆ ಒಂದು ಮುಖ ತೋರಿಸಿದರೆ ಸಾಕು, ಆ ಮುಖ ಇರೋ ಮದುವೆಯೇ ಎದ್ದು ಬರುತ್ತಿತ್ತು. ಈ ಮೋಡ ಹಾಳಾಗಿ ಹೋಗಲಿ ಅಂತ ಶಾಪ ಹಾಕಿದೆ. ಹಾಳಾಗಿದ್ದು ನನ್ನ ಕಂಪ್ಯೂಟರ್! ಗೊರಗೊರ ಅಂದು ಕಣ್ಣು ಮುಚ್ಚಿತು. ಮೋಡದಲ್ಲಿ ಪ್ರತಿ ಇತ್ತಲ್ಲ, ಒಂದು ಫೋಟೋನೂ ಹೋಗಲಿಲ್ಲ. ಎಲ್ಲರೂ ಅವಳನ್ನ ಹೊಗಳಿದ್ದೇ ಹೊಗಳಿದ್ದು.

ಮಾರನೇ ದಿನ ಒಬ್ಬಳು ಗಿರಾಕಿ ಅಂಗಡಿಗೆ ನುಗ್ಗಿ ಬಂದು ಅತ್ತೆಯ ಮುಖಕ್ಕೇ ಫೋನ್ ಹಿಡಿದಳು. "ಏನ್ರೀ ಇದು? ಗಂಡನ ಮನೆಯವರೆಲ್ಲ ಓದಿ ಬಿದ್ದು ಬಿದ್ದು ನಕ್ಕರು!" ನಾವು ಕಳಿಸಿದ ಲಿಂಕ್ ತೆರೆದರೆ, ಅವಳ ಮದುವೆ ಫೋಟೋಗಳ ನೆತ್ತಿಯ ಮೇಲೆ ದಪ್ಪಕ್ಷರ: ಅಳುಮುಂಜಿ ಮದುಮಗಳು.

"ಯಾರಿಟ್ಟಿದ್ದು ಈ ಹೆಸರು?" ಅತ್ತೆ ಗುಡುಗಿದರು.

ನನ್ನ ಇದ್ದಬದ್ದ ಮರ್ಯಾದೆಯೂ ಇವತ್ತಿಗೆ ಮುಗೀತು ಅಂದುಕೊಂಡೆ.

"ನಾನು," ಅಂದಳು ಓರಗಿತ್ತಿ. "ತಪ್ಪಾಯ್ತು, ಬೇಜಾರು ಮಾಡ್ಕೋಬೇಡಿ. ಈಗಲೇ ಬದಲಾಯಿಸ್ತೀನಿ." ಬೈಗುಳವನ್ನೆಲ್ಲ ತಲೆತಗ್ಗಿಸಿ ಅವಳೇ ತಿಂದಳು.

ಗಿರಾಕಿ ಹೋದ ಮೇಲೆ ಅವಳನ್ನ ಪಕ್ಕಕ್ಕೆ ಎಳೆದು ಕೇಳಿದೆ, "ಯಾಕೆ ಹಾಗಂದೆ?"

"ಇರಲಿ ಬಿಡಿ ಅಕ್ಕಾ. ನಾನು ಹೊಸಬಳು, ನನಗೆ ಬೈದದ್ದು ಮರೆತುಹೋಗುತ್ತೆ. ನಿಮಗೆ ಬೈದಿದ್ರೆ ನೀವು ತಡ್ಕೋತಿರಲಿಲ್ಲ."

ಅಯ್ಯೋ ಶಿವನೇ! ಇವಳು ಜಾಣೆ ಅನ್ನೋದನ್ನೇ ಕಷ್ಟಪಟ್ಟು ನುಂಗಿಕೊಂಡಿದ್ದೆ. ಒಳ್ಳೆಯವಳೂ ಆಗಿರಬೇಕಿತ್ತಾ? ನನಗೆ ಅಂತ ಒಂದನ್ನಾದರೂ ಬಿಡಬಾರದಿತ್ತಾ?